ಗಲ್ಲಾಪೆಟ್ಟಿಗೆಯ ಲೆಕ್ಕ, ಮೈಬಣ್ಣದ ಅಳತೆ

2025ರ ಅಕ್ಟೋಬರ್ 3ರಂದು ಅಮೆರಿಕದ ಸಾರಿಗೆ ಇಲಾಖೆಯ ಒಂದು ಮಧ್ಯಂತರ ನಿಯಮ ಜಾರಿಗೆ ಬಂತು. ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವ ರಸ್ತೆ, ಸೇತುವೆ, ವಿಮಾನ ನಿಲ್ದಾಣದ ಕಾಮಗಾರಿಗಳಲ್ಲಿ ಹಿಂದುಳಿದವರ ಉದ್ದಿಮೆಗಳಿಗೆ ಒಂದು ಪಾಲು ಸಿಗಲಿ ಎನ್ನುವ ಯೋಜನೆ ಅಲ್ಲಿ 1983ರಿಂದ ಇದೆ. ಡಿಬಿಇ (ಡಿಸ್‌ಅಡ್ವಾಂಟೇಜ್ಡ್ ಬಿಸಿನೆಸ್ ಎಂಟರ್‌ಪ್ರೈಸ್) ಅಂತ ಕರೆಯುತ್ತಾರೆ. ದೇಶದ ಮಟ್ಟದಲ್ಲಿ ಕನಿಷ್ಠ ಶೇ 10ರಷ್ಟು ಹಣ ಇಂಥವರಿಗೆ ಹೋಗಬೇಕು ಎನ್ನುವುದು ಗುರಿ. ಮಾಲೀಕರು ಕಪ್ಪು ವರ್ಣೀಯರು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು), ಮೂಲನಿವಾಸಿ, ಏಷ್ಯನ್ ಅಥವಾ ಮಹಿಳೆಯಾಗಿದ್ದರೆ ‘ಹಿಂದುಳಿದವರು’ ಅಂತ ಇಲಾಖೆ ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತಿತ್ತು. ಹೊಸ ನಿಯಮ ಆ ಒಪ್ಪಿಗೆಯನ್ನೇ ತೆಗೆದುಹಾಕಿತು. ಇನ್ನು ಮೇಲೆ ಒಬ್ಬೊಬ್ಬ ಮಾಲೀಕರೂ ತಮಗೇನು ನಷ್ಟವಾಯಿತು ಅಂತ ತಾವೇ ಬರೆದು ತೋರಿಸಬೇಕು. ಜನಾಂಗ ಅಥವಾ ಲಿಂಗ ಹೇಳಿಕೊಂಡರೆ ಸಾಲದು.

ಈ ಸುದ್ದಿ ಓದಿದ ಬಹಳ ಜನಕ್ಕೆ ಒಂದು ಗೊಂದಲ. ಒಂದು ಕಡೆಯವರು ‘ಸ್ವಂತ ಉದ್ಯೋಗದ ಆದಾಯದಲ್ಲಿ ಕಪ್ಪು ವರ್ಣೀಯರು ಬಿಳಿಯರಿಗಿಂತ ಬಹಳ ಹಿಂದಿದ್ದಾರೆ, ಅಂಕಿ ನೋಡಿ’ ಎನ್ನುತ್ತಾರೆ. ಇನ್ನೊಂದು ಕಡೆಯವರೂ ಅಂಕಿಯನ್ನೇ ಹಿಡಿದು ‘ಓದು, ವಯಸ್ಸು, ಕಸುಬು ಎಲ್ಲ ಸರಿದೂಗಿಸಿದರೆ, ಅಂದರೆ ಇವೆಲ್ಲ ಒಂದೇ ಥರ ಇರುವವರನ್ನೇ ಹೋಲಿಸಿದರೆ, ಅಂತರ ಕುಗ್ಗುತ್ತದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಎಡವಟ್ಟು ಎಲ್ಲಿದೆ? ಅಳತೆಯಲ್ಲಿದೆ. ಸಂಬಳದವರ ಆದಾಯವನ್ನು ಅಳೆದಷ್ಟು ಸುಲಭವಾಗಿ ಅಂಗಡಿಯವರ ಆದಾಯವನ್ನು ಅಳೆಯಲು ಆಗುವುದಿಲ್ಲ. ಅದರ ಮೇಲೆ ಜನಾಂಗದ ಗೆರೆ ಎಳೆದರೆ ಕಷ್ಟ ಇಮ್ಮಡಿ.

ಅಂದಹಾಗೆ, ಈ ಪಟ್ಟಿಯಲ್ಲಿ ‘ಉಪಖಂಡದ ಏಷ್ಯನ್ ಅಮೆರಿಕನ್ನರು’ ಎನ್ನುವ ಗುಂಪೂ ಇತ್ತು. ಭಾರತ, ನೇಪಾಳ, ಶ್ರೀಲಂಕಾ ಮೂಲದವರೆಲ್ಲ ಅದರೊಳಗೆ ಬರುತ್ತಿದ್ದರು. ಅಲ್ಲಿ ಸಣ್ಣ ಎಂಜಿನಿಯರಿಂಗ್ ಕಂಪನಿ ನಡೆಸುವ ಕನ್ನಡಿಗರಿಗೂ ಇದು ಪಕ್ಕದ ಮನೆಯ ಸುದ್ದಿಯಲ್ಲ.

ರಿಚ್ಮಂಡ್ ಹಾಕಿಕೊಟ್ಟ ದಾರಿ

ಇಷ್ಟೊಂದು ಅಂಕಿಅಂಶ ಯಾಕೆ ಬೇಕಾಯಿತು ಅಂತ ತಿಳಿಯಲು 1989ಕ್ಕೆ ಹೋಗಬೇಕು. ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರ ತನ್ನ ಕಾಮಗಾರಿಗಳ ಮೊತ್ತದಲ್ಲಿ ಶೇ 30ರಷ್ಟು ಉಪಗುತ್ತಿಗೆಯಾಗಿ ಜನಾಂಗೀಯ ಅಲ್ಪಸಂಖ್ಯಾತರಿಗೆ ಹೋಗಬೇಕು ಎಂದು ನಿಯಮ ಮಾಡಿತ್ತು. ನಗರ ಕೊಟ್ಟ ಕಾರಣ ನೇರವಾಗಿತ್ತು. ಊರಿನ ಅರ್ಧದಷ್ಟು ಜನ ಕಪ್ಪು ವರ್ಣೀಯರು. ಆದರೆ ಮುಖ್ಯ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಪಾಲು ಬರೀ ಶೇ 0.67.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನಸಂಖ್ಯೆಗೆ ಹೋಲಿಸಿದರೆ ಆಗದು, ಆ ಕೆಲಸ ಮಾಡಲು ಅರ್ಹತೆ ಇರುವ ಗುತ್ತಿಗೆದಾರರು ಎಷ್ಟು ಜನ ಇದ್ದಾರೆ ಅಂತ ಹೋಲಿಸಿ ತೋರಿಸಿ ಎಂದಿತು. ಅಂದಿನಿಂದ ನಗರಗಳು, ರಾಜ್ಯಗಳು ತಜ್ಞ ಸಂಸ್ಥೆಗಳಿಗೆ ದುಡ್ಡು ಕೊಟ್ಟು ದಪ್ಪ ದಪ್ಪ ವರದಿ ಬರೆಸತೊಡಗಿದವು.

ಆ ವರದಿಗಳಲ್ಲಿ ಒಂದು ಅಧ್ಯಾಯವಂತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾವ ಜನಾಂಗದವರು ಎಷ್ಟು ಪ್ರಮಾಣದಲ್ಲಿ ಸ್ವಂತ ಉದ್ಯೋಗಕ್ಕೆ ಇಳಿಯುತ್ತಾರೆ, ಇಳಿದವರು ಎಷ್ಟು ದುಡಿಯುತ್ತಾರೆ ಎನ್ನುವ ಅಧ್ಯಾಯ. ಯಾಕೆಂದರೆ ನ್ಯಾಯಾಲಯದ ಮಾತಿನಲ್ಲೇ ಒಂದು ಸುಳಿ ಇದೆ. ಅರ್ಹ ಗುತ್ತಿಗೆದಾರರು ಕಡಿಮೆ ಇದ್ದಾರೆ, ಸರಿ. ಆದರೆ ಅವರು ಕಡಿಮೆಯಾಗಿರುವುದೇ ಹಿಂದಿನ ತಾರತಮ್ಯದಿಂದ ಆಗಿದ್ದರೆ? ಅದನ್ನು ತೋರಿಸಲು ಬೇಕಾಗಿರುವುದೇ ಸ್ವಂತ ಉದ್ಯೋಗದ ಆದಾಯದ ಅಂಕಿ.

ಸಂಬಳದ ಪಟ್ಟಿಯಲ್ಲಿ ಇವರಿಲ್ಲ

ಪತ್ರಿಕೆಗಳಲ್ಲಿ ‘ಕಪ್ಪು ವರ್ಣೀಯರ ವಾರದ ಗಳಿಕೆ ಇಷ್ಟು, ಬಿಳಿಯರದ್ದು ಇಷ್ಟು’ ಎಂದು ಆಗಾಗ ಬರುತ್ತದಲ್ವಾ, ಆ ಲೆಕ್ಕ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯದ್ದು. ಅದರಲ್ಲಿ ಸ್ವಂತ ಉದ್ಯೋಗದವರು ಇಲ್ಲವೇ ಇಲ್ಲ. ಸಂಬಳ, ಕೂಲಿ ಪಡೆಯುವವರನ್ನು ಮಾತ್ರ ಹಿಡಿಯುತ್ತಾರೆ.

ಇನ್ನೊಂದು ತಮಾಷೆ ಇದೆ. ತನ್ನ ಅಂಗಡಿಯನ್ನು ಕಂಪನಿಯಾಗಿ ನೋಂದಾಯಿಸಿಕೊಂಡ ಮಾಲೀಕನನ್ನು ಈ ಇಲಾಖೆ ಸ್ವಂತ ಉದ್ಯೋಗಿ ಎಂದು ಎಣಿಸುವುದಿಲ್ಲ. ಕಾನೂನಿನ ಕಣ್ಣಲ್ಲಿ ಅವನು ತನ್ನದೇ ಕಂಪನಿಯ ನೌಕರ. ಹಾಗಾಗಿ ಉದ್ಯೋಗಿಗಳ ಎಣಿಕೆಯಲ್ಲಿ ಸಂಬಳದವರ ಪಟ್ಟಿಗೆ ಸೇರುತ್ತಾನೆ, ವಾರದ ಗಳಿಕೆಯ ಲೆಕ್ಕದಲ್ಲಿ ಮಾತ್ರ ಅವನೂ ಇಲ್ಲ. 2015ರಲ್ಲಿ ಒಟ್ಟು 1.5 ಕೋಟಿ ಜನ ಸ್ವಂತ ಉದ್ಯೋಗದಲ್ಲಿದ್ದರು. ಅವರಲ್ಲಿ ಸುಮಾರು 55 ಲಕ್ಷ ಜನ ಹೀಗೆ ಕಂಪನಿ ಮಾಡಿಕೊಂಡವರು. ಉಳಿದ 95 ಲಕ್ಷ ಜನ ನೋಂದಣಿ ಇಲ್ಲದವರು.

ಇದು ಸುಮ್ನೆ ಕಾಗದದ ವ್ಯತ್ಯಾಸ ಅಲ್ಲ. ಕಂಪನಿ ಮಾಡಿಕೊಂಡವರು ಸರಾಸರಿಯಲ್ಲಿ ಜಾಸ್ತಿ ಓದಿದವರು, ಜಾಸ್ತಿ ದುಡಿಯುವವರು. ವಕೀಲರು, ದಂತವೈದ್ಯರು, ಸಾಫ್ಟ್‌ವೇರ್ ಸಲಹೆಗಾರರು ಇಲ್ಲಿ ಸಿಗುತ್ತಾರೆ. ಮನೆ ಸ್ವಚ್ಛ ಮಾಡುವವರು, ಹುಲ್ಲು ಕತ್ತರಿಸುವವರು, ಮಕ್ಕಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ನೋಂದಣಿ ಇಲ್ಲದವರ ಕಡೆ. ಕಪ್ಪು ವರ್ಣೀಯರಲ್ಲಿ ಕಂಪನಿ ಮಾಡಿಕೊಂಡವರ ಪ್ರಮಾಣ ಬಿಳಿಯರಿಗಿಂತ ಕಡಿಮೆ. ಹಾಗಾಗಿ ನೋಂದಣಿ ಇಲ್ಲದವರನ್ನು ಮಾತ್ರ ಎಣಿಸಿದರೆ ಚೆನ್ನಾಗಿ ದುಡಿಯುವ ಬಿಳಿಯ ಮಾಲೀಕರು ಲೆಕ್ಕದಿಂದ ಜಾರಿಕೊಳ್ಳುತ್ತಾರೆ, ಅಂತರ ಚಿಕ್ಕದಾಗಿ ಕಾಣುತ್ತದೆ. ಇಬ್ಬರನ್ನೂ ಸೇರಿಸಿದರೆ ಅದೇ ಅಂತರ ದೊಡ್ಡದಾಗುತ್ತದೆ. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಆದಾಯ ಅಂದರೆ ಯಾವ ಆದಾಯ?

ಸಂಬಳದವರಿಗೆ ಕೇಳಿದರೆ ಒಂದೇ ಸಂಖ್ಯೆ ಹೇಳುತ್ತಾರೆ. ಅಂಗಡಿಯವರನ್ನು ಕೇಳಿ. ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಒಂದು, ಬಾಡಿಗೆ, ಸರಕು ಕಳೆದು ಉಳಿದದ್ದು ಇನ್ನೊಂದು, ಆಡಿಟರ್ ತೆರಿಗೆಗೆ ಬರೆದದ್ದು ಮತ್ತೊಂದು.

ಅಮೆರಿಕನ್ ಕಮ್ಯುನಿಟಿ ಸರ್ವೆ ಎನ್ನುವ ದೊಡ್ಡ ಸಮೀಕ್ಷೆ ಪ್ರತಿವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ. ಅದರಲ್ಲಿ ಹಿಂದಿನ 12 ತಿಂಗಳ ಸ್ವಂತ ಉದ್ಯೋಗದ ಆದಾಯವನ್ನು ಖರ್ಚು ಕಳೆದು ಬರೆಯಿರಿ ಎನ್ನುತ್ತಾರೆ. ನಷ್ಟವಾಗಿದ್ದರೆ ಗುರುತು ಹಾಕಲು ಪಕ್ಕದಲ್ಲೊಂದು ಚೌಕವೂ ಇದೆ. ಕೇಳಲು ಸುಲಭ. ಆದರೆ ಮನೆಯಲ್ಲಿ ಯಾರು ಸಿಕ್ಕರೋ ಅವರೇ ಎಲ್ಲರ ಪರವಾಗಿ ತುಂಬಬಹುದು. ಗಂಡನ ಗ್ಯಾರೇಜಿನ ನಿವ್ವಳ ಲಾಭ ಹೆಂಡತಿಗೆ ನೂರು ಡಾಲರಿನ ಲೆಕ್ಕದಲ್ಲಿ ಗೊತ್ತಿರುತ್ತದಾ?

ಒಂದು ಉದಾಹರಣೆ ನೋಡೋಣ. ಬಾಡಿಗೆ ಟ್ಯಾಕ್ಸಿ ಆಪ್‌ನಲ್ಲಿ ಕಾರು ಓಡಿಸುವವನೊಬ್ಬ 2025ರಲ್ಲಿ 50,000 ಡಾಲರ್ ಪಡೆದ ಅಂದುಕೊಳ್ಳಿ. ಓಡಿಸಿದ್ದು 40,000 ಮೈಲಿ. ತೆರಿಗೆ ಇಲಾಖೆ ಆ ವರ್ಷಕ್ಕೆ ಮೈಲಿಗೆ 70 ಸೆಂಟ್ ಖರ್ಚು ಅಂತ ಕಳೆಯಲು ಬಿಡುತ್ತದೆ. ಅಲ್ಲಿಗೆ 28,000 ಡಾಲರ್ ಹೋಯಿತು. ತೆರಿಗೆ ಕಾಗದದಲ್ಲಿ ಅವನ ಆದಾಯ 22,000. ಆದರೆ ಪೆಟ್ರೋಲು, ವಿಮೆ, ರಿಪೇರಿಗೆ ಅವನ ಜೇಬಿನಿಂದ ನಿಜವಾಗಿ ಹೋದದ್ದು 14,000 ಇರಬಹುದು. ಕೈಯಲ್ಲಿ 36,000 ಉಳಿಯಿತು. ಹಾಗಂತ ಅದನ್ನೇ ಆದಾಯ ಅನ್ನೋಣವೇ? ಕಾರು ಸವೆದದ್ದಕ್ಕೆ ಲೆಕ್ಕ ಬೇಡವಾ? ಒಬ್ಬನೇ ಮನುಷ್ಯ, ಒಂದೇ ವರ್ಷ. ಉತ್ತರ 22,000ವೂ ಹೌದು, 36,000ವೂ ಹೌದು, 50,000ವೂ ಹೌದು.

ಈ ತಕರಾರು ಪುಸ್ತಕದಲ್ಲೇ ಉಳಿಯಲಿಲ್ಲ. ಕೋವಿಡ್ ಕಾಲದಲ್ಲಿ ಅಮೆರಿಕ ಸಣ್ಣ ಉದ್ದಿಮೆಗಳಿಗೆ ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಎನ್ನುವ ಸಾಲ ಕೊಟ್ಟಿತು. ನಿಯಮ ಪಾಲಿಸಿದರೆ ಮನ್ನಾ ಆಗುವ ಸಾಲ. ಒಬ್ಬರೇ ನಡೆಸುವ ಉದ್ದಿಮೆಗೆ ಎಷ್ಟು ಸಾಲ? ತೆರಿಗೆ ಕಾಗದದ ನಿವ್ವಳ ಲಾಭವನ್ನು 12ರಿಂದ ಭಾಗಿಸಿ ಎರಡೂವರೆ ತಿಂಗಳಿನಷ್ಟು. ವರ್ಷಕ್ಕೆ 45,000 ಡಾಲರ್ ವಹಿವಾಟು ಮಾಡಿ, ಕುರ್ಚಿ ಬಾಡಿಗೆ, ಎಣ್ಣೆ, ಶಾಂಪೂ, ವಿಮೆ ಎಲ್ಲ ಕಳೆದು 8,000 ಲಾಭ ತೋರಿಸಿದ ಬ್ಯೂಟಿ ಪಾರ್ಲರಿನವಳಿಗೆ ಸಿಗುತ್ತಿದ್ದದ್ದು 1,666 ಡಾಲರ್. ಒಂದು ತಿಂಗಳ ಮನೆ ಬಾಡಿಗೆಗೂ ಕಷ್ಟ. ನಷ್ಟ ತೋರಿಸಿದವರಿಗೆ ಸೊನ್ನೆ.

2021ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. ನಿವ್ವಳದ ಬದಲು ಒಟ್ಟು ವಹಿವಾಟನ್ನು ಹಿಡಿಯಬಹುದು ಎಂದರು. ಅದೇ ಪಾರ್ಲರಿನವಳಿಗೆ ಈಗ 9,375 ಡಾಲರ್. ನೌಕರರಿಲ್ಲದ ಇಂಥ ಉದ್ದಿಮೆಗಳಲ್ಲಿ ಶೇ 70ರಷ್ಟು ಮಹಿಳೆಯರ ಅಥವಾ ಬಿಳಿಯರಲ್ಲದವರ ಕೈಯಲ್ಲಿವೆ ಅಂತ ಬೈಡನ್ ಸರ್ಕಾರ ಆಗ ಹೇಳಿತ್ತು. ನಿಯಮದಲ್ಲಿ ಜನಾಂಗದ ಹೆಸರೇ ಇರಲಿಲ್ಲ. ತೆರಿಗೆ ಕಾಗದದ ಒಂದು ಸಾಲಿನ ಬದಲು ಇನ್ನೊಂದು ಸಾಲು ನೋಡಿದರು, ಅಷ್ಟೆ. ಮೊದಲೇ ಮಂಜೂರಾದ ಸಾಲಗಳಿಗೆ ಮಾತ್ರ ಹೊಸ ಲೆಕ್ಕ ಹಿಂದಕ್ಕೆ ಹೋಗಿ ಅನ್ವಯಿಸಲಿಲ್ಲ. ಬೇಗ ಅರ್ಜಿ ಹಾಕಿದವರು ಕೈ ಕೈ ಹಿಸುಕಿಕೊಂಡರು.

ಹೇಳಿದ್ದು, ಮುಚ್ಚಿಟ್ಟದ್ದು

ಸಂಬಳಕ್ಕೆ ಕಂಪನಿಯೇ ತೆರಿಗೆ ಹಿಡಿಯುತ್ತದೆ, ಇಲಾಖೆಗೂ ತಿಳಿಸುತ್ತದೆ. ಹಾಗಾಗಿ ಅಲ್ಲಿ ಮುಚ್ಚಿಡುವುದು ಶೇ 1ರಷ್ಟು ಅಂತ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಅಂದಾಜು ಮಾಡಿದೆ. ಯಾರೂ ಮೂರನೆಯವರು ವರದಿ ಮಾಡದ ಆದಾಯದಲ್ಲಿ, ಅಂದರೆ ಸಣ್ಣ ಅಂಗಡಿ, ಕೈಕಸುಬಿನಂಥವುಗಳಲ್ಲಿ, ಇದು ಶೇ 55ರ ಹತ್ತಿರ.

ತೆರಿಗೆಯವರಿಗೆ ಸುಳ್ಳು ಹೇಳಬಹುದು, ಸಮೀಕ್ಷೆಯವರಿಗೆ ಯಾಕೆ ಹೇಳುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಅರ್ಥಶಾಸ್ತ್ರಜ್ಞರಿಗೂ ಹಾಗೇ ಅನ್ನಿಸಿತ್ತು. ಪರೀಕ್ಷೆ ಮಾಡಲು ಒಂದು ಜಾಣ ಉಪಾಯ ಹೂಡಿದರು. ಜನ ಆದಾಯ ಮುಚ್ಚಿಡಬಹುದು, ದಿನಸಿ ಖರ್ಚನ್ನು ಯಾಕೆ ಮುಚ್ಚಿಡುತ್ತಾರೆ? ಒಂದೇ ಥರದ ಎರಡು ಮನೆ, ಇಬ್ಬರೂ ಒಂದೇ ಆದಾಯ ಹೇಳಿದ್ದಾರೆ. ಆದರೆ ಅಂಗಡಿಯವರ ಮನೆಯ ಊಟದ ಖರ್ಚು ಸಂಬಳದವರ ಮನೆಗಿಂತ ಜಾಸ್ತಿ ಇದ್ದರೆ ಅಷ್ಟರಮಟ್ಟಿಗೆ ಏನೋ ಬಚ್ಚಿಟ್ಟಿದ್ದಾರೆ ಎಂದಾಯಿತು. ಪಿಸ್ಸಾರಿಡೆಸ್ ಮತ್ತು ವೆಬರ್ ಎಂಬಿಬ್ಬರು 1989ರಲ್ಲಿ ಬ್ರಿಟನ್ನಿನ ಮಾಹಿತಿ ಇಟ್ಟುಕೊಂಡು ಈ ದಾರಿ ಹಾಕಿಕೊಟ್ಟರು. 2014ರಲ್ಲಿ ಹರ್ಸ್ಟ್, ಲೀ, ಪಗ್ಸ್‌ಲೀ ಎಂಬ ಮೂವರು ಇದನ್ನೇ ಅಮೆರಿಕದ ಸಮೀಕ್ಷೆಗಳಿಗೆ ಹಚ್ಚಿದಾಗ ಸ್ವಂತ ಉದ್ಯೋಗದವರು ಸುಮಾರು ಶೇ 25ರಷ್ಟು ಆದಾಯ ಕಡಿಮೆ ಹೇಳುತ್ತಾರೆ ಎಂದು ಕಂಡಿತು.

ಇನ್ನು ಜನಾಂಗದ ಪ್ರಶ್ನೆ. ಎಲ್ಲ ಜನಾಂಗದವರೂ ಒಂದೇ ಪ್ರಮಾಣದಲ್ಲಿ ಮುಚ್ಚಿಟ್ಟರೆ ಶೇಕಡಾವಾರು ಅಂತರ ಹಾಗೇ ಉಳಿಯುತ್ತದೆ, ಚಿಂತೆಯಿಲ್ಲ. ಆದರೆ ಮುಚ್ಚಿಡುವ ಅವಕಾಶ ಕಸುಬಿನಿಂದ ಕಸುಬಿಗೆ ಬೇರೆ. ನಗದಿನ ವ್ಯಾಪಾರದಲ್ಲಿ ಸುಲಭ, ಸರ್ಕಾರಿ ಬಿಲ್ಲಿನ ವ್ಯಾಪಾರದಲ್ಲಿ ಕಷ್ಟ. ಜನಾಂಗಗಳು ಎಲ್ಲ ಕಸುಬುಗಳಲ್ಲೂ ಸಮನಾಗಿ ಹಂಚಿಹೋಗಿಲ್ಲ. ಅಲ್ಲಿಗೆ ಅಂತರದ ಅಂಕಿಯೊಳಗೆ ಕಸುಬಿನ ಗುಟ್ಟೂ ಬೆರೆತುಹೋಯಿತು.

ಹೆಸರು ನೋಡಿ ಜನಾಂಗ ಊಹಿಸುವುದು

ಸಮೀಕ್ಷೆ ಬೇಡ, ತೆರಿಗೆ ದಾಖಲೆಯನ್ನೇ ನೋಡೋಣ ಎಂದರೆ ಬೇರೊಂದು ಗೋಡೆ ಅಡ್ಡ ಬರುತ್ತದೆ. ಅಮೆರಿಕದ ತೆರಿಗೆ ಅರ್ಜಿಯಲ್ಲಿ ಜನಾಂಗದ ಕಾಲಂ ಇಲ್ಲ. ಆದಾಯ ಗೊತ್ತಿರುವ ಕಡೆ ಜನಾಂಗ ಗೊತ್ತಿಲ್ಲ. ಜನಾಂಗ ಗೊತ್ತಿರುವ ಸಮೀಕ್ಷೆಯಲ್ಲಿ ಆದಾಯ ನಂಬುವ ಹಾಗಿಲ್ಲ.

ಆಗ ಸಂಶೋಧಕರು ಮಾಡುವ ಕೆಲಸ ಊಹೆ. ಮೊದಲ ಹೆಸರು, ಮನೆತನದ ಹೆಸರು, ವಾಸದ ಬೀದಿ ಮೂರನ್ನೂ ಸೇರಿಸಿ ಇವರು ಇಂಥ ಜನಾಂಗದವರಾಗಿರುವ ಸಾಧ್ಯತೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. 2000ದ ಜನಗಣತಿಯಲ್ಲಿ ‘ವಾಷಿಂಗ್ಟನ್’ ಎನ್ನುವ ಮನೆತನದ ಹೆಸರಿನವರಲ್ಲಿ ಶೇ 90ರಷ್ಟು ಕಪ್ಪು ವರ್ಣೀಯರಿದ್ದರು. ಗೌಡ, ಹೆಗಡೆ ಅಂತಿದ್ದರೆ ಯಂತ್ರಕ್ಕೆ ಗೊಂದಲವಿಲ್ಲ. ಆದರೆ ಮಂಗಳೂರಿನ ಪಿಂಟೊ, ಲೋಬೊ ಬಂದರೆ? ಹೆಸರು ಪೋರ್ಚುಗೀಸ್, ಮನುಷ್ಯ ಕೊಂಕಣಿ ಮಾತಾಡುವ ಕರಾವಳಿಯವ. ಯಂತ್ರ ಅವರನ್ನು ಯಾವ ಗುಂಪಿಗೆ ತಳ್ಳುತ್ತದೋ!

ಊಹೆಯಾದರೂ ಈ ವಿಧಾನ ಒಂದು ದೊಡ್ಡ ಸಂಗತಿಯನ್ನು ಹೊರಗೆ ತಂದಿತು. 2023ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಸೇರಿದ ಒಂದು ತಂಡ, ಕಪ್ಪು ವರ್ಣೀಯರು ಉಳಿದವರಿಗಿಂತ 2.9ರಿಂದ 4.7 ಪಟ್ಟು ಹೆಚ್ಚು ತೆರಿಗೆ ತಪಾಸಣೆಗೆ ಸಿಕ್ಕುತ್ತಾರೆ ಎಂದು ತೋರಿಸಿತು. ಅದೇ ಮೇ ತಿಂಗಳಲ್ಲಿ ಐಆರ್‌ಎಸ್ ಆಯುಕ್ತ ಡ್ಯಾನಿ ವರ್ಫೆಲ್ ಇದು ನಿಜ ಎಂದು ಸೆನೆಟ್‌ಗೆ ಪತ್ರ ಬರೆದರು. ಅಧಿಕಾರಿಗಳು ಮೈಬಣ್ಣ ನೋಡಿ ಆರಿಸಿದ್ದಲ್ಲ. ಬಡ ದುಡಿಮೆಗಾರರಿಗೆ ಸಿಗುವ ತೆರಿಗೆ ರಿಯಾಯಿತಿಯ ಅರ್ಜಿಗಳಲ್ಲಿ ಸ್ವಂತ ವ್ಯಾಪಾರದ ಆದಾಯ ಇರುವವರನ್ನು ತಪಾಸಣೆ ಮಾಡುವುದು ಖರ್ಚಿನ ಕೆಲಸ. ವ್ಯಾಪಾರ ಇಲ್ಲದವರಿಗೆ ಅಂಚೆಯಲ್ಲಿ ಒಂದು ಪತ್ರ ಕಳಿಸಿದರೆ ಮುಗಿಯಿತು. ತಪಾಸಣೆಗೆ ಅರ್ಜಿ ಆರಿಸುವ ಕಂಪ್ಯೂಟರ್ ಸುಲಭದ್ದನ್ನೇ ಆರಿಸುತ್ತಾ ಹೋಯಿತು, ಆ ಗುಂಪಿನಲ್ಲಿ ಕಪ್ಪು ವರ್ಣೀಯರ ಪ್ರಮಾಣ ಹೆಚ್ಚಿತ್ತು. ಸ್ವಂತ ಉದ್ಯೋಗದ ಆದಾಯ ಅಳೆಯಲು ಕಷ್ಟ ಎನ್ನುವ ಕಾರಣಕ್ಕೇ ಅದು ತಪ್ಪಿಸಿಕೊಂಡಿತು, ತಪಾಸಣೆಯ ಭಾರ ಬೇರೆಯವರ ತಲೆಗೆ ಬಿತ್ತು.

ಬಾಗಿಲು ಹಾಕಿದವರ ಲೆಕ್ಕ ಎಲ್ಲಿ?

ಸರಾಸರಿ ಆದಾಯ ಅಂದರೆ ಇಂದು ಅಂಗಡಿ ತೆರೆದಿಟ್ಟವರ ಸರಾಸರಿ. ಮುಚ್ಚಿಕೊಂಡು ಹೋದವರು ಅದರಲ್ಲಿಲ್ಲ. 2020ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಕೆಲಸ ನಡೆಸುತ್ತಿದ್ದ ಮಾಲೀಕರ ಸಂಖ್ಯೆ 1.5 ಕೋಟಿಯಿಂದ 1.17 ಕೋಟಿಗೆ ಬಿತ್ತು. ಒಟ್ಟಾರೆ ಶೇ 22ರಷ್ಟು ಕುಸಿತ. ಕಪ್ಪು ವರ್ಣೀಯರಲ್ಲಿ ಶೇ 41, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊಗಳಲ್ಲಿ ಶೇ 32, ಏಷ್ಯನ್ನರಲ್ಲಿ ಶೇ 26. ಅರ್ಥಶಾಸ್ತ್ರಜ್ಞ ರಾಬರ್ಟ್ ಫೇರ್‌ಲೀ ತೆಗೆದ ಲೆಕ್ಕ ಇದು. ಈಗ ಯೋಚಿಸಿ. ಮೊದಲು ಮುಚ್ಚುವವರು ಕಡಿಮೆ ದುಡಿಯುವವರು ತಾನೇ? ಅವರು ಹೊರಗೆ ಹೋದ ಮೇಲೆ ಉಳಿದ ಕಪ್ಪು ಮಾಲೀಕರ ಸರಾಸರಿ ಆದಾಯ ಕಾಗದದಲ್ಲಿ ಮೇಲೇರಬಹುದು. ಹಾನಿ ಹೆಚ್ಚಾದಷ್ಟೂ ಅಂತರ ಕಡಿಮೆಯಾದಂತೆ ಕಾಣುತ್ತದೆ.

ಒಳಗೆ ಬರುವಾಗಲೂ ಹೀಗೇ. 1910ರಿಂದ 1990ರವರೆಗಿನ ಜನಗಣತಿಗಳನ್ನು ನೋಡಿದರೆ ಕಪ್ಪು ಗಂಡಸರು ಸ್ವಂತ ಉದ್ಯೋಗದಲ್ಲಿ ಇರುವ ಪ್ರಮಾಣ ಬಿಳಿಯರ ಮೂರನೇ ಒಂದರಷ್ಟೇ ಇತ್ತು. ಎಂಬತ್ತು ವರ್ಷ ಹೆಚ್ಚುಕಡಿಮೆ ಕದಲಲೇ ಇಲ್ಲ. ಸಾಲ ಹುಟ್ಟದ ಕಡೆ ಅಂಗಡಿ ತೆರೆಯುವವರು ಯಾರು? ಮನೆಯಲ್ಲೇ ಸ್ವಲ್ಪ ದುಡ್ಡಿದ್ದವರು, ಎದೆಗಾರಿಕೆ ಜಾಸ್ತಿ ಇದ್ದವರು. ಇಲ್ಲವೇ ಎಲ್ಲೂ ಕೆಲಸ ಸಿಗದೆ ಬೇರೆ ದಾರಿ ಕಾಣದವರು. ಮೊದಲನೆಯವರು ಹೆಚ್ಚಿದ್ದರೆ ಸರಾಸರಿ ಏರುತ್ತದೆ, ಎರಡನೆಯವರು ಹೆಚ್ಚಿದ್ದರೆ ಇಳಿಯುತ್ತದೆ. ಅಂಗಡಿ ತೆರೆಯಬೇಕು ಅಂದುಕೊಂಡು ತೆರೆಯದೇ ಹೋದವರ ಆದಾಯದ ಕಾಲಂ ಯಾವ ಸಮೀಕ್ಷೆಯಲ್ಲೂ ಇಲ್ಲ.

‘ಏಷ್ಯನ್’ ಎಂಬ ದೊಡ್ಡ ಚೀಲ

ಗುಂಪಿನ ಗೆರೆಯೂ ಗಟ್ಟಿಯಲ್ಲ. ಭಾರತೀಯರನ್ನೇ ನೋಡಿ. 1930 ಮತ್ತು 1940ರ ಜನಗಣತಿಯಲ್ಲಿ ಭಾರತೀಯರ ಜನಾಂಗ ‘ಹಿಂದೂ’, ಅವರು ಯಾವ ಧರ್ಮದವರೇ ಆಗಿರಲಿ. 1970ರಲ್ಲಿ ಬಿಳಿಯರ ಜೊತೆ ಸೇರಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎನ್ನುವ ಪ್ರತ್ಯೇಕ ಹೆಸರು ಬಂತು. ಜನ ಅವರೇ, ಬದಲಾದದ್ದು ಗುರುತು ಹಾಕುವ ಚೌಕ.

ಈಗ ಏಷ್ಯನ್ ಚೀಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಉಗುರಿಗೆ ಬಣ್ಣ ಹಚ್ಚುವ ಸಲೂನಿನ ವಿಯೆಟ್ನಾಂ ಹೆಂಗಸೂ ಇದ್ದಾಳೆ, ಹತ್ತು ಹೋಟೆಲಿನ ಗುಜರಾತಿ ಪಟೇಲರೂ ಇದ್ದಾರೆ. ಸರಾಸರಿ ತೆಗೆದರೆ ಅದು ಇಬ್ಬರ ಪರಿಸ್ಥಿತಿಯನ್ನೂ ಹೇಳುವುದಿಲ್ಲ. ಹೆದ್ದಾರಿ ಬದಿಯ ಸಣ್ಣ ಮೋಟೆಲಿನಲ್ಲಿ ಮನೆಮಂದಿಯೇ ಹಿಂದಿನ ಕೋಣೆಯಲ್ಲಿ ಇರುತ್ತಾರೆ. ಹೆಂಡತಿ ಹಾಸಿಗೆ ಬದಲಿಸುತ್ತಾಳೆ, ಮಗ ರಾತ್ರಿ ಕೌಂಟರ್ ನೋಡಿಕೊಳ್ಳುತ್ತಾನೆ. ಅವರಿಗೆ ಸಂಬಳ ಇಲ್ಲ, ಇರುವ ಮನೆಗೆ ಬಾಡಿಗೆಯೂ ಇಲ್ಲ. ಮಾಲೀಕನ ಆದಾಯ ಎಂದು ಬರೆದ ಸಂಖ್ಯೆ ನಿಜಕ್ಕೂ ಮೂರು ಜನರ ದುಡಿಮೆ. ಗಂಟೆಯ ಲೆಕ್ಕದಲ್ಲಿ ಭಾಗಿಸಿದರೆ ಬೇರೆಯದೇ ಚಿತ್ರ ಬರುತ್ತದೆ.

2024ರ ಮಾರ್ಚ್‌ನಲ್ಲಿ ಪ್ರಕಟವಾದ ಹೊಸ ವರ್ಗೀಕರಣದಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ಚೌಕ ಇದೆ. ಇಷ್ಟು ವರ್ಷ ಅವರು ಬಿಳಿಯರ ಲೆಕ್ಕದಲ್ಲಿದ್ದರು. ಅದು ಸಮೀಕ್ಷೆಗಳಿಗೆ ಬಂದ ದಿನ ಲೆಬನಾನ್, ಯೆಮನ್ ಮೂಲದ ಅಂಗಡಿಯವರು ಬಿಳಿಯರ ಪಟ್ಟಿಯಿಂದ ಹೊರಬರುತ್ತಾರೆ. ಬಿಳಿಯರ ಸರಾಸರಿಯೂ ಕದಲುತ್ತದೆ, ಯಾರ ಗಳಿಕೆಯೂ ಒಂದು ಡಾಲರ್ ಬದಲಾಗದೆ.

ಎರಡು ವಾದ, ಒಂದೇ ಕೋಷ್ಟಕ

ಹೊಸ ನಿಯಮದ ಪರ ಇರುವವರ ವಾದ ಇದು: ಓದು, ವಯಸ್ಸು, ಊರು, ಕಸುಬು, ಹಾಕಿದ ಬಂಡವಾಳ ಇವನ್ನೆಲ್ಲ ಸರಿದೂಗಿಸಿ ನೋಡಿ. ಅಂತರದ ಬಹುಪಾಲು ಅಲ್ಲೇ ಕರಗುತ್ತದೆ. ಉಳಿದ ಚೂರನ್ನು ತೋರಿಸಿ ಇಡೀ ಗುಂಪಿಗೆ ಟೆಂಡರಿನಲ್ಲಿ ಪಾಲು ಕೊಡುವುದು ಸರಿಯಲ್ಲ. ಶ್ರೀಮಂತ ಭಾರತೀಯ ವೈದ್ಯನ ಮಗ ಹಿಂದುಳಿದವ, ಬಡ ಬಿಳಿಯ ಗಣಿ ಕೆಲಸಗಾರನ ಮಗ ಅಲ್ಲ ಅಂದರೆ ಹೇಗೆ?

ವಿರೋಧಿಸುವವರ ಮಾತು: ಬಂಡವಾಳವನ್ನು ಸರಿದೂಗಿಸಿದಿರಿ, ಸರಿ. ಆದರೆ ಬಂಡವಾಳ ಯಾಕೆ ಕಡಿಮೆ ಇತ್ತು? ಬ್ಯಾಂಕು ಸಾಲ ಕೊಡಲಿಲ್ಲ, ಅಜ್ಜನಿಗೆ ಮನೆ ಕೊಳ್ಳಲು ಬಿಡಲಿಲ್ಲ, ಅಡವಿಡಲು ಆಸ್ತಿ ಇರಲಿಲ್ಲ. ತಾರತಮ್ಯದ ಫಲವನ್ನೇ ಲೆಕ್ಕದಿಂದ ಕಳೆದು, ಆಮೇಲೆ ತಾರತಮ್ಯ ಕಾಣುತ್ತಿಲ್ಲ ಎಂದರೆ ಹೇಗೆ?

ಎರಡನೆಯ ಮಾತಿನಲ್ಲಿ ತೂಕ ಜಾಸ್ತಿ ಇದೆ ಎನ್ನುವುದು ಈ ಲೇಖನದ ಅಭಿಪ್ರಾಯ. ಆದರೆ ಅದಕ್ಕೂ ಮಿತಿ ಇದೆ. ಎಲ್ಲ ವ್ಯತ್ಯಾಸಕ್ಕೂ ತಾರತಮ್ಯವೇ ಕಾರಣ ಎಂದುಬಿಟ್ಟರೆ ಅಳತೆಯೇ ಬೇಡವಾಗುತ್ತದೆ. ವೈದ್ಯನ ಮಗನ ಪ್ರಶ್ನೆಗೆ ಡಿಬಿಇಯಲ್ಲಿ 20.47 ಲಕ್ಷ ಡಾಲರಿನ ವೈಯಕ್ತಿಕ ಆಸ್ತಿ ಮಿತಿ ಇದ್ದದ್ದು ಭಾಗಶಃ ಉತ್ತರ. ಪೂರ್ತಿ ಉತ್ತರ ಅಲ್ಲ.

ನಮ್ಮ ರಾಜ್ಯದಲ್ಲೂ ಗುತ್ತಿಗೆ ಮೀಸಲಾತಿಯ ಜಗಳ ಹೊಸದಲ್ಲ. 2025ರ ಮಾರ್ಚ್‌ನಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಗುತ್ತಿಗೆಯಲ್ಲಿ ಶೇ 4 ಕೊಡುವ ಕೆಟಿಪಿಪಿ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ತಿದ್ದುಪಡಿ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು. ಇಲ್ಲಿ ವಾದ ನಡೆದದ್ದು ಧರ್ಮ ಮತ್ತು ಮೀಸಲಾತಿಯ ಸುತ್ತ. ಯಾವ ಸಮುದಾಯದ ಗುತ್ತಿಗೆದಾರರು ವರ್ಷಕ್ಕೆ ಎಷ್ಟು ಉಳಿಸುತ್ತಾರೆ ಎನ್ನುವ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ಮುಂದೆ ಆಗುವುದೇನು

ಅಮೆರಿಕದಲ್ಲಿ ಈಗಾಗಲೇ ಪ್ರಮಾಣಪತ್ರ ಇದ್ದವರನ್ನೂ ರಾಜ್ಯಗಳು ಮತ್ತೆ ಒಬ್ಬೊಬ್ಬರನ್ನಾಗಿ ಪರಿಶೀಲಿಸಬೇಕು. ಅದು ಮುಗಿಯುವ ತನಕ ಟೆಂಡರುಗಳಲ್ಲಿ ಡಿಬಿಇ ಪಾಲಿನ ಗುರಿ ಇಡುವಂತಿಲ್ಲ. ಸಣ್ಣ ಉಪಗುತ್ತಿಗೆದಾರರಿಗೆ ಮುಖ್ಯ ಗುತ್ತಿಗೆದಾರರ ಫೋನ್ ಬರುವುದು ಕಡಿಮೆಯಾಗುವುದು ಮೊದಲ ಪರಿಣಾಮ. ಗುರಿಯೇ ಇಲ್ಲದಿದ್ದರೆ ಪರಿಚಯದವರಿಗೆ ಕೆಲಸ ಕೊಡುವುದು ಎಲ್ಲ ಕಡೆಯ ರೂಢಿ.

ಎರಡನೆಯದು ಅಷ್ಟಾಗಿ ಚರ್ಚೆಯಾಗಿಲ್ಲ. ಗುಂಪಿನ ಅಂಕಿ ನಂಬಲಾಗದು ಅಂತ ವ್ಯಕ್ತಿಯ ಕಡೆ ಹೊರಳಿದ್ದಾರೆ. ಆದರೆ ಗುಂಪಿನ ಅಂಕಿಯಲ್ಲಿದ್ದ ದೋಷಗಳೆಲ್ಲ ವ್ಯಕ್ತಿಯ ಅಂಕಿಯಿಂದಲೇ ಬಂದವು. ಸಾವಿರ ಜನರ ಸರಾಸರಿಯಲ್ಲಿ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಯನ್ನು ಒಂದಿಷ್ಟಾದರೂ ಸರಿದೂಗಿಸುತ್ತಿತ್ತು. ಈಗ ಅದೂ ಇಲ್ಲ. ಒಳ್ಳೆಯ ಆಡಿಟರ್, ವಕೀಲ ಇದ್ದವರ ಕಡತ ದಪ್ಪವಾಗಿರುತ್ತದೆ. ಚೀಟಿಯಲ್ಲಿ ಲೆಕ್ಕ ಬರೆದುಕೊಂಡವರದ್ದು ತೆಳ್ಳಗೆ.

ರಾಜ್ಯದ ಕಚೇರಿಯಲ್ಲಿ ಕುಳಿತ ಅಧಿಕಾರಿಯ ಮೇಜಿನ ಮೇಲೆ ಒಂದು ಅರ್ಜಿ ಬಂತು ಅಂದುಕೊಳ್ಳಿ. ಮೂರು ಕಾಗದ. ತೆರಿಗೆ ಕಾಗದದಲ್ಲಿ ಲಾಭ 22,000 ಡಾಲರ್, ಕಳೆಯಬಹುದಾದದ್ದನ್ನೆಲ್ಲ ಕಳೆದು ತೋರಿಸಿದ್ದು. ಬ್ಯಾಂಕಿಗೆ ಕೊಟ್ಟ ಸಾಲದ ಅರ್ಜಿಯಲ್ಲಿ 60,000, ಸಾಲ ಹುಟ್ಟಲಿ ಅಂತ ಬರೆದದ್ದು. ಮೂರನೆಯದು ಮಾಲೀಕನ ಸ್ವಂತ ಹೇಳಿಕೆ: ಸಾಲ ಸಿಗದ್ದರಿಂದ, ಕಾಮಗಾರಿಗೆ ಕೊಡಬೇಕಾದ ಭದ್ರತಾ ಬಾಂಡ್ ದುಬಾರಿಯಾದ್ದರಿಂದ ವರ್ಷಕ್ಕೆ ಇಷ್ಟು ಸಾವಿರ ಕೈತಪ್ಪಿತು. ಮೂರಕ್ಕೂ ಸಹಿ ಒಬ್ಬನದೇ. ಅಧಿಕಾರಿ ಯಾವುದನ್ನು ಆದಾಯ ಎಂದು ಬರೆದುಕೊಳ್ಳಬೇಕು?